ನೀರಿನ ಬೆನ್ನು ಹಿಡಿದು ದುರ್ಗಕ್ಕೆ

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗ ನಮ್ಮ ಪ್ರವಾಸಿಗರ ಲೆಕ್ಕದಲ್ಲಿ ಅರ್ಧ ದಿನದ ಊರು. ಹಂಪಿಗೋ ಹುಬ್ಬಳ್ಳಿಗೋ ಹೊರಟ ಸಂಸಾರ ಹೆದ್ದಾರಿ ಬಿಟ್ಟು ಒಳಗೆ ಬರುತ್ತದೆ, ಟಿಕೆಟ್ ತೆಗೆದುಕೊಂಡು ಕೋಟೆ ಹತ್ತುತ್ತದೆ, ಓಬವ್ವನ ಕಿಂಡಿಯಲ್ಲಿ ಮಕ್ಕಳನ್ನು ನುಸುಳಿಸಿ ಫೋಟೊ ಹಿಡಿಯುತ್ತದೆ, ಇಳಿದು ಬಂದು ಎಳನೀರು ಕುಡಿದು ಮುಂದಕ್ಕೆ ಹೋಗುತ್ತದೆ. ರಸ್ತೆ ಅಗಲವಾದಷ್ಟೂ ದುರ್ಗದಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗಿದೆ; ಮೊದಲಾದರೆ ಬಸ್ಸು ತಪ್ಪಿತೆಂದಾದರೂ ಜನ ಒಂದು ರಾತ್ರಿ ಉಳಿಯುತ್ತಿದ್ದರು. ನನ್ನ ವಾದ ಇಷ್ಟೆ: ಹೆಂಡತಿ ಮಕ್ಕಳು, ಸಾಧ್ಯವಾದರೆ ಅಜ್ಜ ಅಜ್ಜಿಯರನ್ನೂ ಕಟ್ಟಿಕೊಂಡು ಎರಡು ಮೂರು ದಿನ ಉಳಿದು ನೋಡಬೇಕಾದ ಊರುಗಳಲ್ಲಿ ಕರ್ನಾಟಕದ ಮಟ್ಟಿಗೆ ದುರ್ಗ ಮೊದಲ ಸಾಲಿನದು. ಆದರೆ ಅದನ್ನು ಕೋಟೆಯೆಂದು ನೋಡಲು ಹೋದರೆ ಎರಡು ಗಂಟೆಯೇ ಹೆಚ್ಚು. ನೀರಿನ ಊರೆಂದು ನೋಡಬೇಕು. ಹಾಗೆ ನೋಡಿದಾಗ ಕೋಟೆ, ಕೆಳಗಿನ ಪೇಟೆ, ಹಿರಿಯೂರಿನ ಅಣೆಕಟ್ಟು, ಹೊಸದುರ್ಗದ ಹಿನ್ನೀರು, ಹೊಳಲ್ಕೆರೆಯ ತೋಟಗಳು ಎಲ್ಲವೂ ಒಂದೇ ಕಥೆಯ ಅಧ್ಯಾಯಗಳಾಗುತ್ತವೆ.

ಹಳೆಯ ಊರೊಂದರಲ್ಲಿ ಸಂಸಾರ ಸಮೇತ ಎರಡು ರಾತ್ರಿ ಕಳೆಯುವ ಪದ್ಧತಿಯನ್ನು ರೂಢಿ ಮಾಡಿಕೊಂಡವರಲ್ಲಿ ಜರ್ಮನಿಯವರು ಮುಂದು. ಕ್ವೆಡ್ಲಿನ್‌ಬುರ್ಗ್, ರೋಟೆನ್‌ಬುರ್ಗ್‌ನಂಥ ಊರುಗಳಿಗೆ ವಾರಾಂತ್ಯದಲ್ಲಿ ಹೋಗುವವರೆಲ್ಲ ಇತಿಹಾಸದ ಪಂಡಿತರೇನೂ ಅಲ್ಲ. ಆ ಊರುಗಳಲ್ಲಿ ತಾಜಮಹಲಿನಂಥ ಒಂದೇ ಮಹಾ ಕಟ್ಟಡವೂ ಇಲ್ಲ. ಇರುವುದು ಮರದ ಚೌಕಟ್ಟಿನ ಮನೆಗಳು. ಕಂಬ, ತೊಲೆ, ಓರೆ ಆಸರೆಗಳನ್ನು ಒಂದಕ್ಕೊಂದು ಹೆಣೆದು, ನಡುವಿನ ಸಂದುಗಳಿಗೆ ಕಡ್ಡಿ ನೇಯ್ದು ಹುಲ್ಲು ಬೆರೆಸಿದ ಮಣ್ಣು ಮೆತ್ತಿದ ಗೋಡೆಗಳು. ಮರದ ಅಸ್ಥಿಪಂಜರ ಹೊರಗೇ ಕಾಣುತ್ತದೆ, ಮುಚ್ಚುಮರೆಯಿಲ್ಲ. ಎಷ್ಟೋ ಮನೆಗಳ ಅಡ್ಡತೊಲೆಯ ಮೇಲೆ ಕಟ್ಟಿಸಿದವನ ಹೆಸರು, ಕಟ್ಟಿದ ವರ್ಷ ಕೆತ್ತಿರುತ್ತಾರೆ. ಮರವನ್ನು ಹೇಗೆ ನೋಡಬೇಕೆಂದು ಮಗುವಿಗೆ ಒಮ್ಮೆ ಹೇಳಿಕೊಟ್ಟರೆ ಸಾಕು, ಮುಂದಿನ ಬೀದಿಯಲ್ಲಿ ಅದೇ ಬೆರಳು ಮಾಡಿ ತೋರಿಸತೊಡಗುತ್ತದೆ: ಈ ಮನೆ ಹಳೆಯದು, ಆ ಮನೆ ಅದಕ್ಕಿಂತ ಈಚಿನದು, ಇಲ್ಲಿ ತೊಲೆ ಬಾಗಿದೆ, ಅಲ್ಲಿ ಬದಲಿಸಿದ್ದಾರೆ. ಕ್ವೆಡ್ಲಿನ್‌ಬುರ್ಗ್‌ನಲ್ಲಿ 14ನೇ ಶತಮಾನದ ನಡುಭಾಗದ ಮನೆಯೊಂದಿದೆ. 1965ರ ತನಕ ಅದರಲ್ಲಿ ಜನ ವಾಸವಾಗಿದ್ದರು, ಈಗ ಅದೇ ಮರದ ಮನೆಗಳ ವಸ್ತುಸಂಗ್ರಹಾಲಯ. ಎಲ್ಲೆಲ್ಲೂ ಸಿಗುವ ಒಂದೇ ವಸ್ತುವನ್ನು ಹಿಡಿದು ಇಡೀ ಊರನ್ನು ಓದಲು ಸಾಧ್ಯವಾಗುವುದರಿಂದಲೇ ಅಲ್ಲಿ ಎರಡು ದಿನ ಬೇಸರವಿಲ್ಲದೆ ಕಳೆಯುತ್ತದೆ.

ದುರ್ಗದಲ್ಲಿ ಅಂಥ ವಸ್ತು ಯಾವುದು ಎಂದು ಕೇಳಿದರೆ ಯಾರಾದರೂ ಕಲ್ಲು ಎನ್ನುತ್ತಾರೆ. ಕಲ್ಲಿನ ಕೋಟೆ, ಏಳು ಸುತ್ತಿನ ಕೋಟೆ ಎಂಬ ಹೆಸರುಗಳೇ ಹಾಗೆ ಹೇಳಿಸುತ್ತವೆ. ಕಲ್ಲು ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಆ ಬೆರಗು ಬೇಗ ತೀರಿಹೋಗುತ್ತದೆ. ಮೂರನೆಯ ಬಾಗಿಲು ದಾಟುವ ಹೊತ್ತಿಗೆ ಗೋಡೆ ಗೋಡೆಯಂತೆಯೇ ಕಾಣುತ್ತದೆ. ಗೋಡೆ ಇಲ್ಲೇ ಯಾಕೆ ತಿರುಗಿತು, ಗುಡಿ ಆ ಬಂಡೆಯ ಬುಡದಲ್ಲೇ ಯಾಕಿದೆ, ಪೇಟೆ ಬೆಟ್ಟದ ಈ ಬದಿಗೇ ಯಾಕೆ ಬೆಳೆಯಿತು ಎಂದು ಕೇಳಿದರೆ ಉತ್ತರ ಬಹುಪಾಲು ನೀರಿನಲ್ಲಿದೆ. ಇದಕ್ಕೆ ಮೊದಲ ಸಾಕ್ಷಿ ಕೋಟೆಯಲ್ಲಿಲ್ಲ, ಬೆಟ್ಟದ ಇನ್ನೊಂದು ಮಗ್ಗುಲಿನ ಚಂದ್ರವಳ್ಳಿಯಲ್ಲಿದೆ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, 4ನೇ ಶತಮಾನ. 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದ ಕಾಲದಲ್ಲಿ ಅದು ಬೆಳಕಿಗೆ ಬಂತು. 1947ರಲ್ಲಿ ಮಾರ್ಟಿಮರ್ ವೀಲರ್ ಕೂಡ ಇಲ್ಲಿ ಅಗೆಸಿ ನೋಡಿದರು. ಮಯೂರಶರ್ಮ ಗೆದ್ದನೆಂದು ಶಾಸನ ಹೇಳುವ ರಾಜರ ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವನು ಕೆರೆ ಕಟ್ಟಿಸಿದ ಎಂಬುದರಲ್ಲಿ ತಕರಾರಿಲ್ಲ. ನಮ್ಮ ಮೊದಲ ಕನ್ನಡ ರಾಜಮನೆತನದ ಸ್ಥಾಪಕ ಈ ನೆಲದಲ್ಲಿ ಬಿಟ್ಟುಹೋದ ದಾಖಲೆ ಕೆರೆಯೊಂದರ ದಾಖಲೆ. ಇಂದಿಗೂ ಆ ಜಾಗದಲ್ಲಿ ನಿಂತರೆ ಎದುರಿಗೆ ಕಾಣುವುದು ಬೆಟ್ಟಗಳ ನಡುವೆ ತುಂಬಿಕೊಂಡ ಚಂದ್ರವಳ್ಳಿ ಕೆರೆಯೇ. ಪ್ರವಾಸವನ್ನು ಕೋಟೆಯಿಂದ ಶುರು ಮಾಡದೆ ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ಇನ್ನು ಕೋಟೆ. ಮತ್ತಿ ತಿಮ್ಮಣ್ಣ ನಾಯಕನಿಂದ ಹಿಡಿದು ಕೊನೆಯ ಮದಕರಿ ನಾಯಕನ ತನಕ, 16ನೇ ಶತಮಾನದಿಂದ 1779ರವರೆಗೆ, ಪಾಳೆಯಗಾರರು ಈ ಬೆಟ್ಟವನ್ನು ಕಟ್ಟುತ್ತಲೇ ಹೋದರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆ ಇದು. ಹೊಳೆ ಹತ್ತಿರವಿಲ್ಲ. ಬೆಟ್ಟವೆಲ್ಲ ಬೋಳುಬಂಡೆ, ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಓಡಿಹೋಗುತ್ತದೆ. ನಾಯಕರ ಜಾಣತನವೆಂದರೆ ಈ ತೊಂದರೆಯನ್ನೇ ಅನುಕೂಲ ಮಾಡಿಕೊಂಡದ್ದು. ಇಂಗದ ಬಂಡೆ ಎಂದರೆ ಹನಿಯೂ ಸೋರದ ಚಾವಣಿ. ಅದರ ಇಳಿಜಾರನ್ನು ನೋಡಿಕೊಂಡು, ಎರಡು ಗುಡ್ಡಗಳ ಸಂದಿಗೆ ಒಡ್ಡು ಹಾಕಿ ನೀರು ನಿಲ್ಲಿಸಿದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೋಟೆಯ ಹೊರಗೆ ಊರಿನ ಸಿಹಿನೀರು ಹೊಂಡಕ್ಕೆ, ಅದೂ ತುಂಬಿದರೆ ಪೇಟೆಯ ಸಂತೆಹೊಂಡಕ್ಕೆ. ಮೇಲಿನವರು ಬಳಸಿ ಉಳಿದದ್ದು ಕೆಳಗಿನವರಿಗೆ. ಅರಮನೆಯಿಂದ ಸಂತೆಬೀದಿಯವರೆಗಿನ ಇಡೀ ಊರು ಒಂದೇ ಮಳೆಯ ನೀರನ್ನು ಹಂಚಿಕೊಂಡು ಬದುಕಿತು. ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕೂತು ಸುತ್ತಲಿನ ಬಂಡೆಗಳನ್ನು ಸ್ವಲ್ಪ ಹೊತ್ತು ನೋಡಿದರೆ ಕಾಣುವ ಇನ್ನೊಂದು ವಿಷಯವಿದೆ: ಬಂಡೆಯ ಅಂಚಿನಲ್ಲಿ ಸಾಲಾಗಿ, ಗೇಣು ಅಂತರವೂ ಇಲ್ಲದೆ ಕೊರೆದ ಚೌಕದ ಗುಳಿಗಳು. ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅದು. ಕೆಲವು ಕಡೆ ಅರ್ಧ ಗುಳಿ ಬಂಡೆಯಲ್ಲಿ ಉಳಿದಿದೆ, ಇನ್ನರ್ಧ ಹೋದ ಚಪ್ಪಡಿಯನ್ನು ಎದುರಿನ ಗೋಡೆಯಲ್ಲಿ ಹುಡುಕುವ ಆಟ ಮಕ್ಕಳಿಗೆ ಅರ್ಧ ಗಂಟೆ ಸಾಕಾಗುತ್ತದೆ.

ಎಲ್ಲರಿಗೂ ಗೊತ್ತಿರುವ ಕಥೆಯೂ ನೀರಿನ ಕಥೆಯೇ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದಾನೆ, ಮನೆಯಲ್ಲಿ ಕುಡಿಯುವ ನೀರಿಲ್ಲ, ಹೆಂಡತಿ ಓಬವ್ವ ಕೊಡ ಹಿಡಿದು ನೀರಿಗೆ ಹೋಗಿದ್ದಾಳೆ. ಆಗ ಕಿಂಡಿಯಲ್ಲಿ ನುಸುಳುತ್ತಿರುವ ಹೈದರನ ಸೈನಿಕರು ಕಣ್ಣಿಗೆ ಬೀಳುತ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿನಿಮಾ ಬಂದ ಮೇಲೆ ಅವಳು ಅವರನ್ನು ಬಡಿದ ಒನಕೆ ಎಲ್ಲರ ಮನಸ್ಸಿನಲ್ಲಿ ಉಳಿಯಿತು, ಕೊಡ ಮರೆಯಾಯಿತು. ಕಿಂಡಿಯ ಬಳಿಯಲ್ಲೇ ತಣ್ಣೀರು ದೋಣಿ ಇದೆ. ಬಂಡೆಯ ಸಂದಿನಲ್ಲಿ ವರ್ಷವಿಡೀ ತಣ್ಣಗೆ ನಿಲ್ಲುವ ಪುಟ್ಟ ಸೆಲೆ. ಕಿಂಡಿಗೆ ಮುಗಿಬೀಳುವ ಜನ ಅದರ ಕಡೆ ಕತ್ತು ಹೊರಳಿಸುವುದೇ ಕಡಿಮೆ. ಆದರೆ ಕೋಟೆಗೆ ಆ ಜಾಗದಲ್ಲಿ ಕಣ್ಣು ಇದ್ದದ್ದು ಆ ಸೆಲೆಯಿಂದಲೇ. ನಿತ್ಯ ಹೆಣ್ಣುಮಕ್ಕಳು ಬಂದುಹೋಗುವ ದಾರಿಯಾದ್ದರಿಂದ ಅಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು. ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲೂ ಕಾವಲು ತಪ್ಪಲಿಲ್ಲ. ಕಥೆ ಬೆಳೆದದ್ದು ಜನರ ಬಾಯಲ್ಲಿ, ಸರಿ. ಆದರೆ ಅದನ್ನು ಕಟ್ಟಿದ ಬಾಯಿಗಳಿಗೆ ಆ ಜಾಗದ ದಿನಚರಿ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ನ್ಯಾಯವೇ. ಇದು ಯುದ್ಧಕ್ಕೆಂದು ಕಟ್ಟಿದ ಕೋಟೆ. ಬತೇರಿ, ಬುರುಜು, ಮದ್ದು ಬೀಸುವ ಕಲ್ಲುಗಳನ್ನು ಪಕ್ಕಕ್ಕಿಟ್ಟು ಹೊಂಡಗಳನ್ನು ಮುಂದೆ ತರುವುದು ಈಗಿನ ಪರಿಸರದ ಮಾತನ್ನು ಹಳೆಯ ಕಾಲದ ಮೇಲೆ ಹೇರಿದಂತಲ್ಲವೇ ಎಂದು. ಮದ್ದು ಬೀಸುವ ಕಲ್ಲುಗಳನ್ನು ಪಕ್ಕಕ್ಕಿಡಬೇಕೆಂದು ನಾನು ಹೇಳುತ್ತಿಲ್ಲ. ಗುಂಡಿಯೊಳಗಿನ ಆ ನಾಲ್ಕು ದೈತ್ಯ ಬೀಸುಕಲ್ಲುಗಳನ್ನು ನೋಡದೆ ಬರುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆದರೆ ಮುತ್ತಿಗೆ ಎಂಬುದು ಗೋಡೆಯ ಪರೀಕ್ಷೆಗಿಂತ ಹೆಚ್ಚಾಗಿ ಉಗ್ರಾಣದ ಪರೀಕ್ಷೆ. ಹೈದರಾಲಿ ಒಂದೇ ಏಟಿಗೆ ದುರ್ಗ ಹಿಡಿಯಲಿಲ್ಲ. ಮತ್ತೆ ಮತ್ತೆ ಮುತ್ತಿ, ಕೊನೆಗೆ 1779ರಲ್ಲಿ ಗೆದ್ದ. ಅಷ್ಟು ಕಾಲ ಕೋಟೆಯ ಒಳಗೆ ಸೈನ್ಯ, ಸಂಸಾರ, ದನ, ಕುದುರೆ ಎಲ್ಲ ಉಳಿದದ್ದು ಕಣಜ, ಎಣ್ಣೆಕೊಳ, ಹೊಂಡಗಳಿಂದ. ಹೊಂಡ ಬತ್ತಿದ್ದರೆ ಏಳಲ್ಲ, ಹದಿನಾಲ್ಕು ಸುತ್ತಿದ್ದರೂ ಬಾಗಿಲು ತೆಗೆಯಲೇಬೇಕಿತ್ತು. ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಯಾವ ಕದನಕ್ಕಿಂತ ಹೆಚ್ಚಾಗಿ ಭರಮಸಾಗರದ ಕೆರೆಯಲ್ಲಿ ಉಳಿದಿದೆ ಎಂಬುದೂ ಆಕಸ್ಮಿಕವಲ್ಲ. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ಓದಿ ಬಂದವರಿಗೆ ಕೋಟೆ ಬಿದ್ದ ನೋವು ಗೊತ್ತಿರುತ್ತದೆ. ಅಷ್ಟು ದಿನ ಅದು ಹೇಗೆ ನಿಂತಿತ್ತೆಂಬ ಲೆಕ್ಕ ಹೊಂಡಗಳ ದಡದಲ್ಲಿ ಸಿಗುತ್ತದೆ.

ಮಕ್ಕಳನ್ನು ಕಟ್ಟಿಕೊಂಡು ಈ ಬಿಸಿಲಲ್ಲಿ, ಈ ಬಂಡೆಗಳ ಮೇಲೆ, ಈ ಕೋತಿಗಳ ನಡುವೆ ಎರಡು ದಿನವೇ ಎಂದು ಹುಬ್ಬೇರಿಸುವವರಿಗೆ ಹೇಳುವುದು ಬೇರೆ. ಬಿಸಿಲಿನ ದೂರಿಗೆ ಕಾರಣ ದುರ್ಗವಲ್ಲ, ಅರ್ಧ ದಿನದ ಪ್ರವಾಸ. ಬೆಳಿಗ್ಗೆ ಬೆಂಗಳೂರು ಬಿಟ್ಟು, ದಾರಿಯಲ್ಲಿ ತಿಂಡಿ ತಿಂದು ಬರುವವರು ಕಾಮನ ಬಾಗಿಲು ಹೊಗುವುದು ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ. ಬಂಡೆ ಕಾದಿರುತ್ತದೆ, ಮಕ್ಕಳು ಕಾದಿರುತ್ತಾರೆ. ಊರಲ್ಲಿ ಉಳಿದವರು ಬಾಗಿಲು ತೆಗೆದೊಡನೆ ಹತ್ತಿ, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳನ್ನು ತಂಪು ಹೊತ್ತಿನಲ್ಲೇ ನೋಡಿ, ಬಿಸಿಲೇರುವಷ್ಟರಲ್ಲಿ ಇಳಿಯಬಹುದು. ಮಧ್ಯಾಹ್ನ ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯ, ನಿದ್ದೆ, ಸಂಜೆ ಮಂಡಕ್ಕಿ-ಮಿರ್ಚಿ, ಆಮೇಲೆ ಸಿಹಿನೀರು ಹೊಂಡ, ಸಂತೆಹೊಂಡ. ಮಾರನೆಯ ಬೆಳಿಗ್ಗೆ ಕೋಟೆಯ ಉಳಿದ ಭಾಗ. ಮೊಣಕಾಲು ನೋವಿನ ಅಜ್ಜಿಗೆ ತುಪ್ಪದ ಕೊಳದ ಬಂಡೆ ಹತ್ತುವುದು ಆಗದ ಮಾತು. ಅವರ ಪಾಲಿಗೆ ಹೊಂಡದ ದಂಡೆ ಇದೆ. ಮಳೆಗಾಲ ಕಳೆದು ಅಕ್ಟೋಬರ್‌ನಿಂದ ಜನವರಿಯ ತನಕ ಹೊಂಡಗಳಲ್ಲಿ ನೀರೂ ಇರುತ್ತದೆ, ಗಾಳಿಯಲ್ಲಿ ತಂಪೂ ಇರುತ್ತದೆ. ಗಾಳಿಯ ಊರೇ ಇದು, ಜೋಗಿಮಟ್ಟಿಯ ಸಾಲು ಬೆಟ್ಟಗಳ ನೆತ್ತಿಯ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ತಿಳಿಯುತ್ತದೆ.

ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಜರ್ಮನಿಯವರಿಗೆ ಬೀದಿ ಬೀದಿಯೇ ಉಳಿದಿದೆ. ನಮ್ಮಲ್ಲಿ ಕೋಟೆ ಬಿಟ್ಟರೆ ಊರು ಎಲ್ಲಿದೆ, ಎಲ್ಲ ಊರುಗಳಂತೆ ಕಾಂಕ್ರೀಟಿನ ಅಂಗಡಿ ಸಾಲು ತಾನೆ ಎಂಬುದು. ಇದರಲ್ಲಿ ಸತ್ಯವಿದೆ. ಈ ಸೀಮೆಯ ಮಾಳಿಗೆ ಮನೆಗಳು ಜರ್ಮನಿಯ ಆ ಮನೆಗಳ ದಾಯಾದಿಗಳೇ: ಮರದ ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು, ಅದರ ಮೇಲೆ ಕರಲು ಮಣ್ಣು ಬಡಿದು ಕೂರಿಸಿದ ಮಟ್ಟಸ ಚಾವಣಿ, ನಡುವೆ ಬೆಳಕಿಂಡಿ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ಕೆಲಸ. ಆ ಕೆಲಸ ತಪ್ಪಿದ ಮೇಲೆ ಮನೆಗಳು ಸೋರಿದವು, ಸೋರಿದ ಮೇಲೆ ಆರ್‌ಸಿಸಿ ಬಂತು. ಆದರೆ ಕ್ವೆಡ್ಲಿನ್‌ಬುರ್ಗ್ ಕೂಡ ತಾನಾಗಿಯೇ ಉಳಿದದ್ದಲ್ಲ. ಪೂರ್ವ ಜರ್ಮನಿಯ ದಿನಗಳಲ್ಲಿ ಅಲ್ಲಿ ಮರ ಕೊಳೆಯುತ್ತಿತ್ತು, ಹಳೆ ಬೀದಿ ಕೆಡವಿ ಕಾಂಕ್ರೀಟ್ ಎಬ್ಬಿಸುವ ಯೋಜನೆಗಳಿದ್ದವು. 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ರಿಪೇರಿಗೆ ಬಲ ಬಂತು. ರೋಟೆನ್‌ಬುರ್ಗ್ ಮೇಲೆ 1945ರ ಮಾರ್ಚ್ 31ರಂದು ಬಾಂಬು ಬಿತ್ತು. ಇವತ್ತು ಪ್ರವಾಸಿಗರು ಮೆಚ್ಚುವ ಕೋಟೆಗೋಡೆಯ ಎಷ್ಟೋ ಭಾಗ ಆಮೇಲೆ ದೇಣಿಗೆ ಎತ್ತಿ ಕಟ್ಟಿದ್ದು; ದಾನಿಗಳ ಹೆಸರನ್ನು ಗೋಡೆಯಲ್ಲೇ ಕೆತ್ತಿದ್ದಾರೆ, ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ಬರೆಸುವಂತೆ. ಉಳಿಸುವುದು ಇಚ್ಛೆಯ ಪ್ರಶ್ನೆ, ದುಡ್ಡಿನ ಪ್ರಶ್ನೆ. ಮತ್ತೆ, ದುರ್ಗದ ಕೋಟೆಯ ನೆಲದ ಮೇಲಿನ ಸುತ್ತುಗಳು ಈಗಲೂ ಊರೊಳಗೇ ಇವೆ. ಉಚ್ಚಂಗಿ ಬಾಗಿಲು, ಸಂತೆ ಬಾಗಿಲು, ಲಾಲಕೋಟೆ ಬಾಗಿಲು ಎಂದು ವಿಳಾಸ ಹೇಳುವ ಜನ ಅವುಗಳ ನಡುವೆ ಬಾಳುತ್ತಿದ್ದಾರೆ. ಕೋಟೆಯೊಳಗಿನ ಅರಮನೆಯ ಮಣ್ಣಿನ ಗೋಡೆಗಳು ಚಾವಣಿ ಹೋಗಿ ಎರಡು ಶತಮಾನ ದಾಟಿದರೂ ಮಳೆಗೆ ಪೂರ್ತಿ ಕರಗದೆ ನಿಂತಿವೆ. ನೋಡಲು ಏನೂ ಇಲ್ಲ ಎನ್ನುವವರು ಅವುಗಳ ಮುಂದೆ ಸ್ವಲ್ಪ ನಿಲ್ಲಬೇಕು.

ಪ್ರವಾಸಿಗರು ಹೆಚ್ಚಾದರೆ ಊರು ಕೆಡುತ್ತದೆ ಎಂಬ ಭಯಕ್ಕೂ ಆಧಾರವಿದೆ. ಹಂಪಿಯ ವಿರೂಪಾಕ್ಷ ಬಜಾರದಿಂದ 2011ರಲ್ಲಿ ಜನರನ್ನು ಎಬ್ಬಿಸಿದ್ದು ಮರೆಯುವಂಥದಲ್ಲ. ಸ್ಮಾರಕ ಉಳಿಸಲು ಬದುಕನ್ನು ತೆರವು ಮಾಡುವ ಬುದ್ಧಿ ಅದು. ಆದರೆ ಕೆಡಿಸುವುದು ಬಂದು ಓಡುವ ಪ್ರವಾಸಿಯೇ ಹೊರತು ಉಳಿಯುವವನಲ್ಲ. ಓಡುವವನು ಪಾರ್ಕಿಂಗ್ ಕೇಳುತ್ತಾನೆ, ನೀರಿನ ಬಾಟಲಿ ಎಸೆದು ಹೋಗುತ್ತಾನೆ. ಎರಡು ದಿನ ಇರುವವನು ಪೇಟೆಯ ಖಾನಾವಳಿಯಲ್ಲಿ ಉಣ್ಣುತ್ತಾನೆ, ಸಂತೆಹೊಂಡದಲ್ಲಿ ಕಸ ತೇಲುತ್ತಿದ್ದರೆ ಮೂಗು ಮುಚ್ಚಿಕೊಂಡಾದರೂ ಅದನ್ನು ನೋಡುತ್ತಾನೆ, ಯಾಕೆ ಹೀಗೆ ಎಂದು ಯಾರನ್ನಾದರೂ ಕೇಳುತ್ತಾನೆ. ಹೊಂಡ ನೋಡಲು ಜನ ಬರುತ್ತಾರೆಂದು ಗೊತ್ತಾದರೆ ಹೊಂಡಕ್ಕೆ ಬೆಲೆ ಬರುತ್ತದೆ.

ಇಷ್ಟಾದ ಮೇಲೆ ಹಿರಿಯೂರಿಗೆ ಹೋಗದೆ ಕಥೆ ಪೂರ್ತಿಯಾಗುವುದಿಲ್ಲ. ಯಾಕೆಂದರೆ ಇವತ್ತು ದುರ್ಗದ ನಲ್ಲಿಗಳಲ್ಲಿ ಬರುವ ನೀರಿಗೆ ಅಲ್ಲಿನ ವಾಣಿವಿಲಾಸ ಸಾಗರದ ಪಾಲೂ ಸೇರಿದೆ. ನಾಯಕರ ಕಾಲದಲ್ಲಿ ನೀರು ಬೆಟ್ಟದ ಮೇಲಿಂದ ತಾನಾಗಿ ಇಳಿದು ಬರುತ್ತಿತ್ತು, ಈಗ ಕರೆಂಟು ಹಾಕಿ ಕೆಳಗಿನಿಂದ ಎತ್ತಿಸಿಕೊಳ್ಳಬೇಕು. ಊರಿನ ನೀರಿನ ದಿಕ್ಕೇ ತಿರುಗಿಹೋಗಿದೆ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಈ ಕಲ್ಲು ಗಾರೆಯ ಅಣೆಕಟ್ಟಿನ ಕೆಲಸ 1898ರಲ್ಲಿ, ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಳ್ವಿಕೆಯಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಜನರ ಬಾಯಲ್ಲಿ ಅದು ಈಗಲೂ ಮಾರಿಕಣಿವೆ, ಕಣಿವೆ ಮಾರಮ್ಮನ ಜಾಗ. ಕನ್ನಂಬಾಡಿಗಿಂತ ಮುಂಚಿನದು, ಸುಮಾರು 30 ಟಿಎಂಸಿ ಹಿಡಿಸುವಂಥದು. ಇಲ್ಲಿ ವಿಶೇಷವೆಂದರೆ ಕಟ್ಟಿದವರ ಧೈರ್ಯ, ಅಥವಾ ಅವರ ಅತಿಯಾಸೆ: 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ನಡುವೆ ಎರಡು ಮೂರು ತಲೆಮಾರು ಕೋಡಿ ಕಾಣದೆ ತೀರಿಹೋದವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮಳೆಯ ಜೊತೆಗೆ, 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯಿಂದ ಎತ್ತಿ ಹರಿಸುತ್ತಿರುವ ನೀರೂ ಇದಕ್ಕೆ ಕಾರಣ. ಅಣೆಕಟ್ಟಿನ ಮೇಲಿನ ಮಂಟಪಗಳು, ಹಿರಿಯೂರಿನ ತೇರುಮಲ್ಲೇಶ್ವರ ಗುಡಿ ನೋಡುವಂಥವೇ, ಆದರೆ ಅವುಗಳಿಗೆ ಅರ್ಧ ದಿನ ಸಾಕು.

ಹೆಚ್ಚಿನವರು ಅಣೆಕಟ್ಟು ನೋಡಿ ಹೆದ್ದಾರಿ ಹಿಡಿಯುತ್ತಾರೆ. ಅದನ್ನು ಹೊಸದುರ್ಗದ ಕಡೆಯಿಂದಲೂ ನೋಡಬೇಕೆಂಬುದು ನನ್ನ ಹಟ. ಹಿರಿಯೂರಿನಲ್ಲಿ ಹಬ್ಬವಾದ 2022ರ ಕೋಡಿ ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ರಸ್ತೆ, ಮನೆಗಳಿಗೆ ನುಗ್ಗಿದ ನೀರಾಗಿತ್ತು. ತಲೆಮಾರುಗಟ್ಟಲೆ ಒಣಗಿದ್ದ ನೆಲದಲ್ಲಿ ಜನ ಬಾಳು ಕಟ್ಟಿಕೊಂಡಿದ್ದರು. ಕೆರೆ ತನ್ನ ಜಾಗ ಕೇಳಿತು. ಒಂದು ಊರಿನ ಸಮೃದ್ಧಿ ಇನ್ನೊಂದರ ಮುಳುಗಡೆ ಎಂಬ ಲೆಕ್ಕ ನಾಯಕರ ಹೊಂಡಗಳಲ್ಲಿ ಇರಲಿಲ್ಲ, ಅವು ಚಿಕ್ಕವು, ಒಂದೇ ಊರಿನವು. ಹಾಗೆಂದು ಹೊಂಡಗಳಿಂದಲೇ ಇವತ್ತಿನ ಜಿಲ್ಲಾ ಕೇಂದ್ರ ಬದುಕಬಲ್ಲದು ಎನ್ನುವುದೂ ಸುಳ್ಳು. ಜನ ಹೆಚ್ಚಿದ್ದಾರೆ, ಬಳಕೆ ಹೆಚ್ಚಿದೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಈ ತಕರಾರು ಅರ್ಥವಾಗುತ್ತದೆ, ವಾದ ಮಾಡಲೂ ಬರುತ್ತದೆ. ಅವರನ್ನು ಹಿನ್ನೀರಿನ ದಂಡೆಯಲ್ಲಿ ನಿಲ್ಲಿಸಿ, ಅಣೆಕಟ್ಟಿನ ಮಟ್ಟ ಇಳಿಸಬೇಕೋ ಬೇಡವೋ ಎಂದು ಕೇಳಿ ನೋಡಬೇಕು.

ಹೊಸದುರ್ಗ ತಾಲ್ಲೂಕಿನದೇ ಆದ ಸಾಣೇಹಳ್ಳಿಯಲ್ಲಿ ಮಠದ ಆಶ್ರಯದ ಶಿವಕುಮಾರ ಕಲಾಸಂಘದ ಬಯಲು ರಂಗಮಂದಿರವಿದೆ, ಗ್ರೀಕ್ ಮಾದರಿಯಲ್ಲಿ ಅರ್ಧ ವೃತ್ತದ ಮೆಟ್ಟಿಲುಗಳದು. ನವೆಂಬರಿನ ನಾಟಕೋತ್ಸವಕ್ಕೆ ಹೊಂದಿಸಿಕೊಂಡು ಹೊರಟರೆ ಮಕ್ಕಳಿಗೆ ಒಂದು ರಾತ್ರಿ ನಾಟಕವೂ ಆಯಿತು. ಅಲ್ಲಿಂದ ಹೊಳಲ್ಕೆರೆಗೆ ಬಂದರೆ ಬಯಲು ಗಣಪ, ಸುತ್ತ ಕೆರೆ ಬಾವಿಗಳನ್ನು ನಂಬಿ, ಅವು ಬತ್ತಿದ ಮೇಲೆ ಕೊಳವೆಬಾವಿಯನ್ನು ನಂಬಿ ಬೆಳೆದ ಅಡಿಕೆ ತೋಟಗಳು. ಕಾರಿಲ್ಲದವರಿಗೂ ತೊಂದರೆಯಿಲ್ಲ: ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರಿಗೂ ಹುಬ್ಬಳ್ಳಿಗೂ ರೈಲು ಸಿಗುತ್ತದೆ, ದುರ್ಗಕ್ಕೂ ಅಲ್ಲಿಂದಲೇ ಕವಲು ಹಳಿ ಹೋಗುತ್ತದೆ.